ಒಂದು ವರ್ಷದ ಗ್ಯಾರಂಟಿ

ಗುಬ್ಬಿಯಲ್ಲಿ ಹಾರ್ಮೋನಿಯಂ ಕೆಮ್ಮಿದರೆ ತುಮಕೂರಿನ ಶಿರಾ ಗೇಟಿನಲ್ಲಿ ಕೂತ ಅಖ್ತರ್ ಬಾನುಗೆ ಕೇಳಿಸುತ್ತಿತ್ತು. ಕೆಮ್ಮಿದ್ದು ಯಾವ ಸ್ವರ, ಅದು ಶೀತದ ಕೆಮ್ಮೋ ಧೂಳಿನ ಕೆಮ್ಮೋ ಎನ್ನುವುದೂ ಗೊತ್ತಾಗುತ್ತಿತ್ತು. ಹೀಗೆಂದು ಊರಿಗೆಲ್ಲ ಹೇಳಿಕೊಂಡು ಬಂದವಳು ಬಾನುವೇ. "ಅದ್ರಲ್ಲಿ ಅರ್ಧ ಸುಳ್ಳು ಕಣಕ್ಕ," ಎಂದು ಒಪ್ಪಿಕೊಳ್ಳುತ್ತಿದ್ದವಳೂ ಅವಳೇ. ಯಾವ ಅರ್ಧ ಎಂದು ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಹೂ ಕಟ್ಟುವ ಕೈ ನಿಲ್ಲಿಸಿ ನೂರು ಸಲ ಕೇಳಿದ್ದಳು. ಒಂದು ಸಲವೂ ಉತ್ತರ ಸಿಕ್ಕಿರಲಿಲ್ಲ.

ನಿಜವಾದ ಅರ್ಧ ಇಷ್ಟು. ಬಾನುವಿನ ಅಪ್ಪ ಇಸಾಕ್ ಸಾಬ್ ಶಿರಾ ಗೇಟಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಗೂಳೂರಿನ ಭಜನೆ ಮನೆಯಿಂದ ಹಿಡಿದು ಗುಬ್ಬಿಯ ನಾಟಕ ಕಂಪನಿಗಳವರೆಗೆ ಅವರ ಕೈ ಸೋಕದ ಪೆಟ್ಟಿಗೆ ಇರಲಿಲ್ಲ. ಅಂಗಡಿ ಎಂದರೆ ಮನೆಯ ಜಗಲಿ. ಅದರ ಹಿಂದೆ ಒಂದು ಹಸಿರು ಪರದೆ, ಪರದೆಯ ಹಿಂದೆ ಬಾನು. ಇಸಾಕ್ ಸಾಬ್ ಸ್ವರ ಹೊರಡಿಸುವ ಹಿತ್ತಾಳೆ ರೀಡನ್ನು ಅರದಿಂದ ಉಜ್ಜಿ, ತಿದಿ ಒತ್ತಿ, ಒಂದು ಸ್ವರ ನುಡಿಸಿ ಸುಮ್ಮನೆ ಕೂರುತ್ತಿದ್ದರು. ಒಳಗಿನಿಂದ "ಇನ್ನೊಂದು ಕೂದಲೆಳೆ ಅಬ್ಬಾ," ಎಂದು ಬಂದರೆ ಮತ್ತೆ ಉಜ್ಜುವುದು. ಏನೂ ಬರದಿದ್ದರೆ ಸ್ವರ ಸರಿಯಾಯಿತೆಂದು ಲೆಕ್ಕ. ಕೈ ಅಪ್ಪನದು, ಕಿವಿ ಮಗಳದು, ಹೆಸರು ಮಾತ್ರ ಅಪ್ಪನೊಬ್ಬನದು.

ಆ ಹೆಸರನ್ನು ಅವರು ಕಣ್ಣಿನಂತೆ ಕಾಪಾಡಿಕೊಂಡಿದ್ದರು. ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ಸಂದಿಗೆ ಅಡ್ಡಲಾಗಿ ಒಂದು ಕಾಗದದ ಚೀಟಿ ಅಂಟಿಸುತ್ತಿದ್ದರು. ಅದರ ಮೇಲೆ ತಾರೀಖು, ಸಹಿ, ಮತ್ತು ಅವರದೇ ಕೈಯ ದುಂಡು ಕನ್ನಡದಲ್ಲಿ ಎರಡು ಸಾಲು: ಒಂದು ವರ್ಷ ಗ್ಯಾರಂಟಿ, ಬೇರೆ ಕೈ ಬಿಚ್ಚಿದರೆ ಇಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ಒಂದು ಪೆಟ್ಟಿಗೆಯೂ ವರ್ಷ ತುಂಬುವ ಮೊದಲು ದೂರು ಹೊತ್ತು ಮರಳಿರಲಿಲ್ಲ. "ಹೆಣ್ಣು ಕೊಟ್ಟ ಮೇಲೆ ತವರಿಗೆ ದೂರು ಬರ್ಬಾರ್ದು, ಪೆಟ್ಟಿಗೆ ಕೊಟ್ಟ ಮೇಲೆ ಅಂಗಡಿಗೆ ದೂರು ಬರ್ಬಾರ್ದು," ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ಎಪ್ಪತ್ತೊಂದನೇ ಇಸವಿಯಲ್ಲಿ ಆ ಜಗಲಿಗೆ ಏಜಾಜ್ ಅಹಮದ್ ಬಂದ. ಗುಬ್ಬಿಯಲ್ಲಿ ಬೀಡುಬಿಟ್ಟಿದ್ದ ಒಂದು ನಾಟಕ ಕಂಪನಿಯ ಹಾರ್ಮೋನಿಯಂ ಮೇಷ್ಟ್ರು. ಮೇಷ್ಟ್ರು ಎನ್ನುವುದು ಹೆಸರಿಗಷ್ಟೇ, ವಯಸ್ಸು ಇಪ್ಪತ್ನಾಲ್ಕು. ಜೋರಾಗಿ ತಿದಿ ಒತ್ತಿದರೆ ಪೆಟ್ಟಿಗೆಯ ಗಾಳಿಗೆ ತಾನೇ ಹಾರಿಹೋಗುವಷ್ಟು ಸಣಕಲ. ನಾಟಕದ ಡೇರೆ ಸೋರಿ ಸ್ವರಕ್ಕೊಂದೇ ರೀಡಿರುವ ಅವನ ಪೆಟ್ಟಿಗೆ ನೆನೆದಿತ್ತು. ಒಣಗಿಸಿ, ಉಜ್ಜಿ, ಹದಕ್ಕೆ ತರಲು ಆರು ದಿನ ಬೇಕೆಂದರು ಇಸಾಕ್ ಸಾಬ್. ಆರು ದಿನ ಬಿಟ್ಟು ಬಾ ಎಂದು ಅವರ ಅರ್ಥ. ಅವನು ಆರು ದಿನವೂ ಗುಬ್ಬಿಯ ಮೊದಲ ಬಸ್ಸಿಗೆ ಬಂದು ಬೆಂಚಿನ ಮೇಲೆ ಕೂತ.

ಸುಮ್ಮನೆ ಕೂರಲಾರದೆ ಅಂಗಡಿಯಲ್ಲಿದ್ದ ಬೇರೆಯವರ ಪೆಟ್ಟಿಗೆ ಎಳೆದುಕೊಂಡು ತಾನೇ ಕಟ್ಟಿದ ಧಾಟಿಗಳನ್ನು ನುಡಿಸುತ್ತಿದ್ದ.

"ಆ ತಿರುವಲ್ಲಿ ಮೇಷ್ಟ್ರು ದಿನಾ ಬಿದ್ದೋಗ್ತಾರೆ," ಎಂದಿತು ಪರದೆ, ಎರಡನೇ ದಿನ.

"ಪರದೆಗೂ ಸಂಗೀತ ಬರತ್ತಾ ಸಾಬ್ರೇ?"

"ನಮ್ಮನೇಲಿ ಬೆಕ್ಕಿಗೂ ಬರತ್ತೆ," ಎಂದರು ಇಸಾಕ್ ಸಾಬ್, ಅರದಿಂದ ಕಣ್ಣೆತ್ತದೆ.

ಮನೆಯೊಳಗೆ ಉರ್ದು, ಜಗಲಿಯ ಮೇಲೆ ಕನ್ನಡ ಎನ್ನುವುದು ಆ ಮನೆಯ ಪದ್ಧತಿ. ಬಾನು ಪರದೆಯ ಒಳಗಿದ್ದರೂ ಅವನ ಜೊತೆ ಕನ್ನಡದಲ್ಲೇ ಮಾತಾಡಿದಳು. ಅಣಕಿಸುವುದಕ್ಕೆ ಅದೇ ಹದವಾದ ಭಾಷೆ ಎಂದು ಅವಳ ಅಭಿಪ್ರಾಯ. ಮೂರನೇ ದಿನಕ್ಕೆ ಅವನು ತಿರುವಿನಲ್ಲಿ ಬೀಳಲಿಲ್ಲ. ನಾಲ್ಕನೇ ದಿನ ಹೊಸ ಧಾಟಿ ತಂದು ಪರದೆಯ ಕಡೆ ತಿರುಗಿ ಕೂತು ನುಡಿಸಿದ. ಐದನೇ ದಿನ ಪರದೆ ನಾಲ್ಕು ಬೆರಳಗಲ ಸರಿದಿತ್ತು. ಗಾಳಿಗೆ ಸರಿಯಿತು ಎಂದಳು ಬಾನು. ಆ ದಿನ ತುಮಕೂರಿನಲ್ಲಿ ಒಂದು ಎಲೆಯೂ ಅಲ್ಲಾಡಿರಲಿಲ್ಲ.

ಆರನೇ ದಿನ ಇಸಾಕ್ ಸಾಬ್ ಮಧ್ಯಾಹ್ನದ ನಮಾಜಿಗೆ ಹೋದಾಗ ಏಜಾಜ್ ಎದ್ದು ನಿಂತ.

"ಮುಂದಿನ ಸಲ ಚಿಕ್ಕಪ್ಪನ್ನ ಕರ್ಕೊಂಡು ಬರ್ತೀನಿ. ನಿಮ್ಮ ತಂದೆಯೋರ ಹತ್ರ ಒಂದು ಮಾತು ಕೇಳೋದಿದೆ."

"ಯಾವಾಗ ಬರ್ತೀರ?"

"ಬರ್ತೀನಿ."

"ಬರ್ತೀನಿ ಅನ್ನೋದು ತಾರೀಖಲ್ಲ ಮೇಷ್ಟ್ರೇ."

ಅವನು ನಕ್ಕು, ಎದುರಿನ ಹೋಟೆಲಿಗೆ ಟೀ ಕುಡಿಯಲು ಹೋದ. ತಾರೀಖು ಕೊಡದ ಗಂಡಸರಿಗಾಗಿ ಕಾಯುವ ಜಾತಿಯವಳಲ್ಲ ಬಾನು. ಕಾಗದ ಬರೆದರೆ ಕಂಪನಿಯ ರಾಜನಿಂದ ಹಿಡಿದು ರಾಕ್ಷಸನವರೆಗೆ ಎಲ್ಲರೂ ಓದುತ್ತಾರೆ. ಅವಳು ಪರದೆ ಸರಿಸಿ ಜಗಲಿಗೆ ಬಂದಳು. ಮೂಲೆಯಲ್ಲಿದ್ದ ತೆಂಗಿನ ಕಡ್ಡಿ ಪೊರಕೆಯಿಂದ ಅಕ್ಕಿಕಾಳಿನಷ್ಟು ಚೂರು ಮುರಿದುಕೊಂಡಳು. ಸರಿಗ ಆದಮೇಲೆ ಬರುವ 'ಮ' ಇದೆಯಲ್ಲ, ಆ ನಡುವಿನ ಸ್ವರದ ರೀಡಿನ ನಾಲಿಗೆಯ ಕೆಳಗೆ ಅದನ್ನು ಸಿಕ್ಕಿಸಿ, ಮುಚ್ಚಳ ಮುಚ್ಚಿ ಒಳಗೆ ಹೋದಳು. ಸ್ವರ ಮೂಕವಾಯಿತು. ಇಸಾಕ್ ಸಾಬ್ ಬೆಳಿಗ್ಗೆಯೇ ಎಲ್ಲ ನುಡಿಸಿ ನೋಡಿದ್ದರಿಂದ, ಬಂದವರೇ ಚೀಟಿ ಅಂಟಿಸಿ ಪೆಟ್ಟಿಗೆ ಕೊಟ್ಟುಬಿಟ್ಟರು.

ಬಾನುವಿನ ಲೆಕ್ಕ ಸರಳವಾಗಿತ್ತು. ಸಂಜೆ ಗುಬ್ಬಿಯಲ್ಲಿ ನಾಟಕ. ಮೊದಲ ಹಾಡಿನಲ್ಲೇ ಸ್ವರ ಕೈಕೊಡುತ್ತದೆ. ಗ್ಯಾರಂಟಿ ಚೀಟಿ ಇರುವುದರಿಂದ ಬೇರೆ ಯಾರೂ ಬಿಚ್ಚುವ ಹಾಗಿಲ್ಲ. ನಾಳೆ ಮೊದಲ ಬಸ್ಸಿಗೆ, ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಮೇಷ್ಟ್ರು ಹಾಜರು. ಬುದ್ಧಿ ಇದ್ದರೆ ಪಕ್ಕದಲ್ಲಿ ಚಿಕ್ಕಪ್ಪ.

ಮರುದಿನ ಮೊದಲ ಬಸ್ಸು ಬಂತು. ಎರಡನೆಯದೂ ಬಂತು. ವಾರ ಕಳೆಯಿತು. ಕಂಪನಿ ಡೇರೆ ಕಿತ್ತು ಉತ್ತರದ ಜಿಲ್ಲೆಗಳ ಕಡೆಗೆ ಹೋಯಿತೆಂದು ಯಾರೋ ಹೇಳಿದರು. ಪೆಟ್ಟಿಗೆ ಕೆಟ್ಟರೂ ಬಾರದವನು ಹೆಣ್ಣಿಗಾಗಿ ಬರುತ್ತಾನೆಯೇ ಎಂದು ಬಾನು ಪರದೆಯನ್ನು ಸಂದಿಯಿಲ್ಲದಂತೆ ಎಳೆದುಕೊಂಡಳು. ಹತ್ತನೇ ತಿಂಗಳಿಗೆ ಅವಳ ಮದುವೆ ಕುಣಿಗಲ್ಲಿನ ಖುರ್ಷಿದ್ ಪಾಷಾನ ಜೊತೆ ಆಯಿತು.

ಖುರ್ಷಿದ್ ಪಾಷಾ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ. ಒಳ್ಳೆಯ ಮನುಷ್ಯ. ಕುದುರೆಗಳ ಜೊತೆ ದಿನವಿಡೀ ಮಾತಾಡಿ, ಮನೆಗೆ ಬಂದಾಗ ಮಾತು ಮುಗಿದುಹೋಗಿರುತ್ತಿತ್ತು. ಹೆಂಡತಿಗೆ ಬೇಸರವಾಗಬಾರದೆಂದು ರೇಡಿಯೋ ತಂದುಕೊಟ್ಟ. ಎಪ್ಪತ್ತಾರರಲ್ಲಿ ಒಂದು ಬೆಳಿಗ್ಗೆ ಬಾನು ರೊಟ್ಟಿ ಲಟ್ಟಿಸುತ್ತಿದ್ದಾಗ ಆ ರೇಡಿಯೋ ಒಂದು ಸಿನಿಮಾ ಹಾಡು ಹಾಕಿತು. ಸಂಗೀತ, ಏಜಾಜ್ ಅಹಮದ್. ಅವಳ ಕೈ ನಿಂತಿತು. ಕಿವಿ ನಿಲ್ಲಲಿಲ್ಲ. ಸ, ರಿ, ಗ ಎಂದು ನಡೆದು ಬಂದ ಹಾಡು, ರಸ್ತೆಯ ಗುಂಡಿ ದಾಟುವವರ ಹಾಗೆ ಸೀರೆ ನೆರಿಗೆ ಎತ್ತಿ ಒಂದೇ ಜಿಗಿತಕ್ಕೆ 'ಪ'ದ ಮೇಲೆ ನಿಂತಿತು. ನಡುವಿನ 'ಮ' ಇರಲೇ ಇಲ್ಲ.

ಬಾನು ನಕ್ಕ ನಗುವಿಗೆ ಹಿಟ್ಟು ಹಾರಿ ಖುರ್ಷಿದ್ ಪಾಷಾನ ಗಡ್ಡ ಬೆಳ್ಳಗಾಯಿತು. ಏಕೆ ನಕ್ಕೆ ಎಂದು ಅವನು ಕೇಳಲಿಲ್ಲ. ಕುದುರೆಗಳೂ ಸುಮ್ಮನೆ ಕೆನೆಯುತ್ತವಲ್ಲ.

ಆಮೇಲೆ ಬಂದ ಹಾಡುಗಳೆಲ್ಲ ಹಾಗೆಯೇ. ಅದು ಏಜಾಜರ ವಿಶಿಷ್ಟ ಶೈಲಿ, ಎದೆಯಲ್ಲಿ ಏನೋ ಕಳೆದುಕೊಂಡವರ ಸಂಗೀತ ಎಂದು ಪತ್ರಿಕೆಗಳು ಬರೆದವು. ಬೇರೆಯವರೂ ಆ ಜಿಗಿತವನ್ನು ಕದ್ದರು. ಇಡೀ ರಾಜ್ಯ ಒಂದು ಪೊರಕೆ ಕಡ್ಡಿಗೆ ತಲೆದೂಗುತ್ತಿದೆ ಎಂದು ಗೊತ್ತಿದ್ದದ್ದು ಕುಣಿಗಲ್ಲಿನ ಒಬ್ಬಳಿಗೆ ಮಾತ್ರ. ಕಡ್ಡಿ ಇನ್ನೂ ಅಲ್ಲೇ ಇದೆ, ಅಂದರೆ ಚೀಟಿ ಹರಿದಿಲ್ಲ, ಇನ್ನೊಬ್ಬರ ಕೈ ಸೋಕಿಲ್ಲ. ಅವಳಿಗೆ ಅಷ್ಟು ಸಾಕಾಗಿತ್ತು. ಸಾಕಾಗಿತ್ತು ಎನ್ನುವುದೂ ಅರ್ಧ ಸುಳ್ಳೇ.

ಎಂಬತ್ತರಲ್ಲಿ ಖುರ್ಷಿದ್ ಪಾಷಾ ಕಾಮಾಲೆಯಿಂದ ತೀರಿಕೊಂಡ. ಮಕ್ಕಳಿರಲಿಲ್ಲ. ಬಾನು ತವರಿಗೆ ಮರಳಿ, ಮೂರು ತಿಂಗಳು ಪರದೆಯ ಹಿಂದೆ ಕೂತು, ನಾಲ್ಕನೇ ತಿಂಗಳು ಪರದೆ ಬಿಚ್ಚಿ ಮಸಿಬಟ್ಟೆ ಮಾಡಿಕೊಂಡಳು. ಇಸಾಕ್ ಸಾಬ್ ನೋಡಿ, ಅರವನ್ನು ಅವಳ ಕಡೆ ಸರಿಸಿದರು. ಎಂಬತ್ನಾಲ್ಕರಲ್ಲಿ ಅವರೂ ಹೋದರು. ಚೀಟಿಗಳ ಮೇಲೆ ಸಹಿ ಈಗ ಬಾನುವಿನದು.

ಎಂಬತ್ತಾರರ ಮಾರ್ಗಶಿರದಲ್ಲಿ ಒಂದು ದಿನ ಗಂಗಲಕ್ಷ್ಮಮ್ಮನ ರೇಡಿಯೋದಲ್ಲಿ ಹೊಸ ಹಾಡು ಬಂತು. ತಲೆ ನರೆತ ಸಂಗೀತಗಾರನೊಬ್ಬ ಬಿಟ್ಟುಹೋದ ಹುಡುಗಿಯನ್ನು ಹುಡುಕಿಕೊಂಡು ಹಳೆಯ ಊರಿಗೆ ಬರುವ ಸಿನಿಮಾವಂತೆ. ಸಂಗೀತ ಏಜಾಜ್ ಅಹಮದ್. ಹಾಡು ಸ, ರಿ, ಗ ಎಂದು ಬಂದು, ಜಿಗಿಯಲಿಲ್ಲ. 'ಮ'ದ ಮೇಲೆ ಕಾಲಿಟ್ಟು, ಅಲ್ಲೇ ಸ್ವಲ್ಪ ಹೊತ್ತು ಕೂತು, ಆಮೇಲೆ ಮುಂದೆ ಹೋಯಿತು.

ಬಾನುವಿನ ಕೈಯ ಅರ ಜಾರಿ ಹೆಬ್ಬೆರಳಿಗೆ ತಗುಲಿತು.

"ಯಾರೋ ಬಿಚ್ಚವ್ರೆ ಗಂಗಕ್ಕ."

"ಏನ್ನೇ ಬಿಚ್ಚವ್ರೆ?"

ಹದಿನೈದು ವರ್ಷ ಬಾಯಿ ಬಿಡದ ಕಥೆಯನ್ನು ಬಾನು ಅಂದು ಬಿಚ್ಚಿದಳು. ಗಂಗಲಕ್ಷ್ಮಮ್ಮ ಒಂದು ಮೊಳ ಹೂವನ್ನು ಗಂಟು ಹಾಕದೆ ಹಾಗೆಯೇ ಕಟ್ಟುತ್ತ ಹೋದಳು. ಎಲ್ಲ ಕೇಳಿ ಮುಗಿದ ಮೇಲೆ ಹೇಳಿದಳು: "ಹೂವ ಕೊಟ್ಟು ಗಂಡು ಹಿಡಿದೋರ್ನ ನೋಡಿವ್ನಿ, ಎಲೆಅಡಿಕೆ ಕೊಟ್ಟು ಹಿಡಿದೋರ್ನ ನೋಡಿವ್ನಿ. ಪೊರಕೆ ಕಡ್ಡಿ ಕೊಟ್ಟು ಹಿಡಿಯಕ್ಕೋದೋಳು ನೀನೊಬ್ಳೇ ಕಣೇ."

"ನಗಬ್ಯಾಡಕ್ಕ. ಯಾರ ಹತ್ರನೋ ರಿಪೇರಿ ಮಾಡಿಸ್ಕೊಂಡವ್ರೆ. ಚೀಟಿ ಹರಿದವ್ರೆ."

"ಹರೀಲಿ ಬುಡು. ಹದಿನೈದು ವರ್ಸ ಒಂದು ಕಾಗದದ ಚೂರು ಇರತ್ತೇನ್ಲೇ?"

ಅಂದಿನಿಂದ ಬಾನು, ರೇಡಿಯೋದಲ್ಲಿ ಆ ಹಾಡು ಬಂದಾಗಲೆಲ್ಲ ಎದ್ದು ಒಳಗೆ ಹೋಗಿ ಪಾತ್ರೆ ತೊಳೆದಳು. ಆ ತಿಂಗಳು ಆ ಮನೆಯ ಪಾತ್ರೆಗಳು ಸವೆದು ಕಾಗದದಂತಾದವು.

ತಿಂಗಳು ಮುಗಿಯುವ ಮುಂಚೆ ಒಂದು ಬಿಳಿ ಕಾರು ಶಿರಾ ಗೇಟಿನಲ್ಲಿ, ಲಾರಿಗಳ ಬೈಗುಳದ ನಡುವೆ, ಅಂಗಡಿಯ ಮುಂದೆ ನಿಂತಿತು. ಇಳಿದವನಿಗೆ ಕಿವಿಯ ಮೇಲೆ ನರೆ, ಹೊಟ್ಟೆ ಸ್ವಲ್ಪ ಮುಂದೆ. ಡ್ರೈವರ್ ಕೈ ಚಾಚಿದರೂ ಕೊಡದೆ ಪೆಟ್ಟಿಗೆಯನ್ನು ತಾನೇ ತಬ್ಬಿಕೊಂಡು ಮೆಟ್ಟಿಲು ಹತ್ತಿದ. ಪಕ್ಕದ ಜಗಲಿಯಲ್ಲಿ ಗಂಗಲಕ್ಷ್ಮಮ್ಮನ ಕೈಯ ಮಲ್ಲಿಗೆ ನೆಲಕ್ಕೆ ಬಿತ್ತು.

ಬಾನು ಅವನ ಮುಖ ನೋಡಲಿಲ್ಲ. ಪೆಟ್ಟಿಗೆಯ ಸಂದಿ ನೋಡಿದಳು. ಚೀಟಿ ಟೀ ಬಣ್ಣಕ್ಕೆ ತಿರುಗಿತ್ತು. ಅಬ್ಬಾನ ದುಂಡು ಅಕ್ಷರಗಳು ಮಾಸಿದ್ದವು. ಆದರೆ ಎಲ್ಲೂ ಹರಿದಿರಲಿಲ್ಲ.

ಆಗ ಮುಖ ನೋಡಿದಳು.

"ಕೂತ್ಕೊಳ್ಳಿ ಮೇಷ್ಟ್ರೇ. ಬೆಂಚು ಅದೇ."

"ಪರದೆ ಇಲ್ಲ," ಎಂದ ಏಜಾಜ್.

"ಮಸಿಬಟ್ಟೆ ಆಯ್ತು. ಏನು ಬಂದ್ರಿ?"

"ದೂರು ತಂದಿದೀನಿ."

"ಗ್ಯಾರಂಟಿ ಮುಗಿದು ಹದಿನಾಲ್ಕು ವರ್ಷ ಆಯ್ತು."

"ಗೊತ್ತು. ಅದಕ್ಕೇ ಬಂದೆ." ಅವನು ಪೆಟ್ಟಿಗೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ, "ಇಸಾಕ್ ಸಾಬ್ರು ಇದ್ದಿದ್ರೆ ಈ ಮಾತು ನನ್ನ ಬಾಯಿಂದ ಬರ್ತಿರ್ಲಿಲ್ಲ. ಆ ದಿನ ಗುಬ್ಬಿಲಿ ತೆಗೆದು ನುಡಿಸಿದ್ರೆ ನಡುವಿನ 'ಮ' ಸತ್ತಿತ್ತು. ಅವ್ರ ಕೈ ತಪ್ಪಿತ್ತು. ವಯಸ್ಸಾಯ್ತು ಅನ್ಕೊಂಡೆ."

ಬಾನು ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡಳು. ಅವನು ಮುಂದುವರಿಸಿದ.

"ಯಾರ ಮಗಳನ್ನ ಕೇಳ್ಬೇಕೋ ಅವ್ರ ಮನೆ ಬಾಗಿಲಿಗೆ, ನಿಮ್ಮ ಕೆಲಸ ಕೆಟ್ಟಿದೆ ಅಂತ ಹೆಂಗೆ ಹೋಗ್ಲಿ? ಇಪ್ಪತ್ತೆರಡು ವರ್ಷ ಒಂದು ದೂರು ಬಂದಿಲ್ಲ ಅಂತಿದ್ರು. ಮೊದಲನೇ ದೂರು ಅಳಿಯನದಾ? ಕಂಪನಿಯೋರಿಗೆ ಗೊತ್ತಾದ್ರೆ ಸಾಬ್ರ ಹೆಸರು ಹೋಗತ್ತೆ ಅಂತ ಆ ಸ್ವರ ತಪ್ಪಿಸಿ ನುಡಿಸೋದು ಕಲಿತೆ. ಒಂದು ವರ್ಷ ಹಲ್ಲುಕಚ್ಚಿ ಕಾಯ್ದೆ. ಗ್ಯಾರಂಟಿ ಮುಗಿದ ಮೇಲೆ ಕೆಟ್ರೆ ಅದು ದೂರಲ್ಲ, ರಿಪೇರಿ. ವರ್ಷದ ಮೇಲೆ ಒಂದು ದಿನಕ್ಕೆ ಸರಿಯಾಗಿ, ಚಿಕ್ಕಪ್ಪನ್ನ ಕರ್ಕೊಂಡು ಇಲ್ಲಿ ಇಳಿದೆ."

"ಇಲ್ಲಿಗಾ?"

"ಇದೇ ಬೆಂಚು. ಸಾಬ್ರು ಟೀ ತರಿಸಿದ್ರು. ಮಗಳ ಮದುವೆ ಆಗಿ ಎರಡು ತಿಂಗಳಾಯ್ತು, ಕುಣಿಗಲ್ಲಲ್ಲಿ ಚೆನ್ನಾಗವ್ಳೆ ಅಂದ್ರು. ಪೆಟ್ಟಿಗೆ ಬೆಂಚಿನ ಕೆಳಗಿತ್ತು. ಹೊರಗೆ ತೆಗೀಲೇ ಇಲ್ಲ."

ಅಬ್ಬಾ ಅದನ್ನು ಯಾವತ್ತೂ ಹೇಳಿರಲಿಲ್ಲ. ಅದು ಹೇಳುವಂಥ ವಿಷಯ ಎಂದು ಅವರಿಗೆ ತಿಳಿಯುವುದಾದರೂ ಹೇಗೆ?

ಬಾನು ಚೀಟಿಯ ಮೇಲಿನ ಸಹಿಯನ್ನೇ ನೋಡುತ್ತ ಕೂತಳು. ಈಗ ಸುಮ್ಮನಿದ್ದರೆ ಎಲ್ಲ ಸಲೀಸು. ಗೋರಿಯಲ್ಲಿರುವ ಅಪ್ಪನಿಗೆ ದೂರು ತಟ್ಟುವುದಿಲ್ಲ, ತಾನು ಹತ್ತೊಂಬತ್ತರ ಪ್ರಾಯದಲ್ಲಿ ಮಾಡಿದ ಹುಚ್ಚಾಟ ಈ ದೊಡ್ಡ ಮನುಷ್ಯನಿಗೆ ತಿಳಿಯುವುದಿಲ್ಲ. ಆದರೆ ಈ ಲೋಕದಲ್ಲಿ ಇಸಾಕ್ ಸಾಬರ ಕೈ ಒಮ್ಮೆ ತಪ್ಪಿತ್ತು ಎಂದು ನಂಬಿದವನು ಒಬ್ಬ ಉಳಿಯುತ್ತಾನೆ. ಅದೂ ಆ ಕೈಯ ಮಾನಕ್ಕಾಗಿ ತನ್ನ ಬಾಳನ್ನೇ ಬಿಟ್ಟುಕೊಟ್ಟವನು.

"ಅಬ್ಬಾನ ಕೈ ತಪ್ಪಲಿಲ್ಲ ಮೇಷ್ಟ್ರೇ," ಎಂದಳು. "ನನ್ನ ಕೈನೂ ತಪ್ಪಲಿಲ್ಲ. ನೋಡ್ತಾ ಇರಿ."

ಒದ್ದೆ ಬಟ್ಟೆ ಒತ್ತಿ, ಅಂಟು ನೆನೆಸಿ, ಚೀಟಿಯನ್ನು ಹರಿಯದ ಹಾಗೆ ಎಬ್ಬಿಸಿ ಪಕ್ಕಕ್ಕಿಟ್ಟಳು. ಮುಚ್ಚಳ ತೆಗೆದು ಚಿಮಟದಿಂದ ಆ ಚೂರನ್ನು ಎತ್ತಿ ಅವನ ಅಂಗೈಯಲ್ಲಿಟ್ಟಳು. ಕಡ್ಡಿ ಕಪ್ಪಾಗಿತ್ತು.

"ಏನಿದು?"

"ಪೊರಕೆ ಕಡ್ಡಿ. ಬರ್ತೀನಿ ಅಂದ್ರಿ, ತಾರೀಖು ಹೇಳ್ಲಿಲ್ಲ. ಮಾರನೇ ದಿನಾನೇ ಬರ್ಲಿ ಅಂತ ನಾನೇ ಇಟ್ಟೆ."

ಏಜಾಜ್ ಅಂಗೈ ನೋಡಿದ. ಎದುರಿಗೆ ಎರಡು ಬಸ್ಸು ಬಂದು ಜನ ಇಳಿಸಿ ಹೋದರೂ ನೋಡುತ್ತಲೇ ಇದ್ದ.

"ಬಂದು ಕೆಟ್ಟಿದೆ ಅಂದಿದ್ರೆ ಸಾಕಿತ್ತಾ?"

"ಅಷ್ಟೇ ಸಾಕಿತ್ತು."

"ಇದಕ್ಕೆ ನಂಗೆ ಎರಡು ಪ್ರಶಸ್ತಿ ಕೊಟ್ಟವ್ರೆ ಬಾನು. ಶೈಲಿ ಅಂತ."

"ಒಂದು ನಂಗೆ ಕಳಿಸಿ," ಎಂದಳು. ತಿದಿ ಒತ್ತಿ ಗಾಳಿ ಸರಿಯಿದೆಯೇ ನೋಡಿದಳು. "ಹೊಸ ಹಾಡಲ್ಲಿ 'ಮ' ಎಲ್ಲಿಂದ ಬಂತು? ಬೇರೆ ಪೆಟ್ಟಿಗೆನಾ?"

"ಪೆಟ್ಟಿಗೇನೇ ಇಲ್ಲ. ಚಿಕ್ಕಪ್ಪನ ಮಣ್ಣಿಗೆ ಗುಬ್ಬಿಗೆ ಬಂದಿದ್ದೆ. ಗೂಳೂರಿನ ಭಜನೆಯೋರು ಅಲ್ಲಿನ ಗುಡಿಗೆ ಬಂದಿದ್ರು, ಅವ್ರ ಪೆಟ್ಟಿಗೆ ಕಂಡೆ. ಅದ್ರ ಮೇಲೆ ಚೀಟಿ. ಸೈನು ನಿಮ್ಮದು. ಸಾಬ್ರು ಇಲ್ಲ, ನೀವು ಒಬ್ರೇ ಅಂಗಡೀಲಿ ಇದೀರ ಅಂತ ಅವ್ರೇ ಹೇಳಿದ್ರು. ವಾಪಸ್ ಹೋಗ್ತಾ ದಾರೀಲಿ ಹಾಡು ಬಾಯಿಗೆ ಬಂತು. ಬಾಯಲ್ಲಿ ಯಾರೂ ಕಡ್ಡಿ ಇಟ್ಟಿರ್ಲಿಲ್ವಲ್ಲ."

ಬಾನು ಪೆಟ್ಟಿಗೆಯನ್ನು ಅವನ ಕಡೆ ತಿರುಗಿಸಿದಳು. ಅವನು ನುಡಿಸಿದ. ಸ, ರಿ, ಗ, ಪ. ಬೆರಳು ತಾನಾಗಿ ಜಿಗಿದಿತ್ತು. ಇಬ್ಬರೂ ನಕ್ಕರು. ಎರಡನೇ ಸಲ ಅವಳು ಅವನ ಬೆರಳನ್ನು ಹಿಡಿದು 'ಮ'ದ ಮೇಲೆ ಇಟ್ಟಳು. ಸ್ವರ ನಿನ್ನೆ ಉಜ್ಜಿದ ಹಾಗೆ ಶುದ್ಧವಾಗಿತ್ತು. ಪಕ್ಕದ ಜಗಲಿಯಲ್ಲಿ ಯಾರೋ ಬೇಕೆಂದೇ ಕೆಮ್ಮಿದರು.

"ಮದ್ರಾಸಲ್ಲಿ ನಾಳೆ ರೆಕಾರ್ಡಿಂಗ್," ಎಂದ ಏಜಾಜ್ ಎದ್ದು ನಿಂತು. "ಮನೇಲಿ ಕಾಯೋರು ಯಾರೂ ಇಲ್ಲ. ಕೆಲಸ ಮಾತ್ರ ಕಾಯತ್ತೆ. ಮುಗಿಸಿ ಬರ್ತೀನಿ."

"ಬರ್ತೀನಿ ಅನ್ನೋದು..."

"ತಾರೀಖಲ್ಲ. ಗೊತ್ತು." ಅವನು ಎದುರಿನ ಹೋಟೆಲ್ ಕಡೆ ನೋಡಿ ಹೇಳಿದ, "ಹೋಗಿ ಒಂದು ಟೀ ಕುಡಿದು ಬರ್ತೀನಿ. ಅಷ್ಟರಲ್ಲಿ ಚೀಟಿ ಅಂಟಿಸಿಡಿ. ನಿಧಾನಕ್ಕೇ ಬರ್ತೀನಿ."

ನಿಧಾನಕ್ಕೇ ಎನ್ನುವಾಗ ಅವನ ಕಣ್ಣು ಮೂಲೆಯ ಪೊರಕೆಯ ಕಡೆ ಹೋಯಿತೋ ಇಲ್ಲವೋ, ಬಾನು ಆಣೆ ಮಾಡಿ ಹೇಳಲಾರಳು.

ಟೀ ಮುಗಿಸಿ ಬಂದ ಏಜಾಜ್ ಪೆಟ್ಟಿಗೆ ತಬ್ಬಿಕೊಂಡು ಹತ್ತಿ, ಕಾರು ಹೊರಟ ಮರುಕ್ಷಣ ಗಂಗಲಕ್ಷ್ಮಮ್ಮ ಬಿದ್ದ ಹೂವನ್ನೂ ಆಯದೆ ಜಗಲಿ ಹತ್ತಿದಳು. ಅಬ್ಬಾನ ಹಳೆಯ ಚೀಟಿ ಗಾಜಿನ ಕೆಳಗೆ ಒಣಗುತ್ತಿತ್ತು.

"ಎಲ್ಲಾ ಸರಿ ಮಾಡಿ ಕೊಟ್ಟೇನ್ಲೇ?"

"ಚೀಟಿ ಅಂಟಿಸಿ ಕೊಟ್ಟೆ."

"ಒಂದು ವರ್ಸದ ಗ್ಯಾರಂಟಿ ಬರೆದ್ಯೇನೇ?"

"ಒಂದು ಸಲ ಬುದ್ಧಿ ಬಂದ್ರೆ ಸಾಲ್ದಾ ಗಂಗಕ್ಕ? ಎರಡು ದಿನ ಬರೆದೆ."

ಗಂಗಲಕ್ಷ್ಮಮ್ಮ ಮೂಲೆಯ ಪೊರಕೆಯನ್ನು ಕೈಗೆತ್ತಿಕೊಂಡು, ಕಡ್ಡಿಗಳ ತುದಿಯ ಮೇಲೆ ಬೆರಳಾಡಿಸಿದಳು. ಒಂದು ಕಡ್ಡಿ ಹೊಸದಾಗಿ ಮುರಿದಿತ್ತು.

"ಲೇ ಬಾನು. ಇದು ನಿಜಾನಾ, ನಿನ್ನ ಅರ್ಧ ಸುಳ್ಳಾ?"

ಬಾನು ಅರ ಕೈಗೆತ್ತಿಕೊಂಡು ಊರ್ಡಿಗೆರೆಯಿಂದ ಬಂದಿದ್ದ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದುಕೊಂಡಳು.

"ಈ ಸಲ ಯಾವ ಸ್ವರ, ಅವ್ರ ಕಾರು ಯಾವತ್ತು ಬಂದು ನಿಲ್ಲತ್ತೆ, ಎರಡನ್ನೂ ನೀನೇ ಹೇಳು ನೋಡೋಣ."